ನಿಮಗೆ ನುಡಿಸೋಕೆ ಬರುತ್ತಾ?

ಇಲ್ಲ. ಬರಲ್ಲ. ಕಲಿಯೋ ಯೋಚನೆಯೂ ಇಲ್ಲ.

ಈ ಮೂರು ಉತ್ತರ ಕೊಟ್ಟ ಮೇಲೆ ಎದುರಿಗಿರೋರ ಮುಖ ಹೇಗಾಗುತ್ತೆ ಅನ್ನೋದು ನನಗೆ ಬಾಯಿಪಾಠ ಆಗಿದೆ. ಸೋಮವಾರ ಮಧ್ಯಾಹ್ನ ಆಫೀಸಿನ ಕ್ಯಾಂಟೀನಲ್ಲಿ ಯಾರಾದ್ರೂ ವೀಕೆಂಡ್ ಏನ್ ಮಾಡಿದ್ರಿ ಅಂತ ಕೇಳ್ತಾರೆ. ಸ್ಟೀಲ್ ಗಿಟಾರ್ ಕೇಳೋಕೆ ಹೋಗಿದ್ದೆ ಅಂತೀನಿ. 'ಓ, ನೀವು ನುಡಿಸ್ತೀರಾ?' ಇಲ್ಲ ಅಂತೀನಿ. ಆಗ ಒಂದು ಮಾತು ಬರುತ್ತೆ ನೋಡಿ: 'ಮತ್ತೆ?'

ಈ 'ಮತ್ತೆ?' ಮೇಲೆ ನನಗೆ ಜಗಳ ಇದೆ. ಇವತ್ತು ಆಡಿಬಿಡ್ತೀನಿ.

ಹಿಂದೊಮ್ಮೆ ಬೆಂಗಳೂರಿನಲ್ಲಿ ಗಿಟಾರ್ ನುಡಿಸೋರ ಒಂದು ಕೂಟಕ್ಕೆ ಹೋಗಿದ್ದೆ. ಬಾಗಿಲಲ್ಲಿ ಒಂದು ಫಾರಂ ಕೊಟ್ಟರು. ಹೆಸರು, ವಾದ್ಯ, ಎಷ್ಟು ವರ್ಷದ ಅನುಭವ, ಗುರುಗಳ ಹೆಸರು. ಬರೀ ಕೇಳೋಕೆ ಬಂದವನು ತನ್ನ ಬಗ್ಗೆ ಬರ್ಕೊಳ್ಳೋಕೆ ಅದರಲ್ಲಿ ಒಂದು ಗೆರೆಯೂ ಇರಲಿಲ್ಲ. ನಾನು ತುಂಬಿದೆ. ವಾದ್ಯ: ಕಿವಿ. ಅನುಭವ: ಮೂವತ್ತು ವರ್ಷ. ಗುರು: ಅಪ್ಪ. ಫಾರಂ ತಗೊಂಡ ಹುಡುಗ ನಗಲಿಲ್ಲ. 'ಸರ್, ಇದು ಪ್ಲೇಯರ್ಸ್‌ಗೆ ಮಾತ್ರ ಅಂತ ಅನ್ಸುತ್ತೆ' ಅಂದ. ಹಿಂದಿನ ಸಾಲಲ್ಲಿ ಕೂತೆ. ಇಡೀ ಸಂಜೆ ನನ್ನ ಅಕ್ಕಪಕ್ಕದವರು ವೇದಿಕೆ ಮೇಲಿನವನ ಬೆರಳನ್ನೇ ನೋಡ್ತಿದ್ದರು. ಯಾವ ತಂತಿ, ಯಾವ ಪಿಕಪ್, ಯಾವ ಆಂಪ್ಲಿಫೈಯರ್. ಕಣ್ಣು ಮುಚ್ಚಿಕೊಂಡಿದ್ದವನು ನಾನೊಬ್ಬನೇ. ನಿದ್ದೆ ಹೋಗಿದಾನೆ ಅಂದ್ಕೊಂಡಿರ್ಬೇಕು.

ಸ್ಟೀಲ್ ಗಿಟಾರ್ ಅಂದ್ರೆ ಸ್ಟೀಲಿನಲ್ಲಿ ಮಾಡಿದ ಗಿಟಾರ್ ಅಲ್ಲ. ಎಡಗೈಯಲ್ಲಿ ಹಿಡಿಯೋ ಉಕ್ಕಿನ ತುಂಡಿನಿಂದ ಬಂದ ಹೆಸರು ಅದು. ವಾದ್ಯವನ್ನ ತೊಡೆ ಮೇಲೋ ಸ್ಟ್ಯಾಂಡ್ ಮೇಲೋ ಅಂಗಾತ ಮಲಗಿಸ್ತಾರೆ. ಬೆರಳಲ್ಲಿ ತಂತಿ ಒತ್ತೋ ಬದಲು ಆ ತುಂಡನ್ನ ತಂತಿ ಮೇಲೆ ಜಾರಿಸ್ತಾರೆ. 1880ರ ದಶಕದಲ್ಲಿ ಹವಾಯಿ ದ್ವೀಪದ ಜೋಸೆಫ್ ಕೆಕುಕು ಅನ್ನೋ ಹುಡುಗ ಇದನ್ನ ಶುರು ಮಾಡಿದ ಅಂತ ಹೆಚ್ಚಿನವರು ಹೇಳ್ತಾರೆ. ಭಾರತದಲ್ಲಿ ಹುಟ್ಟಿ ಹವಾಯಿ ಸೇರಿದ್ದ ಗೇಬ್ರಿಯಲ್ ಡೇವಿಯನ್ ಅನ್ನೋನು ಅದಕ್ಕೂ ಮೊದಲೇ ಹೀಗೆ ನುಡಿಸ್ತಿದ್ದ ಅನ್ನೋ ಇನ್ನೊಂದು ಕಥೆಯೂ ಇದೆ. ಯಾವುದೇ ಇರಲಿ, ತಂತಿ ಮೇಲೆ ಗಟ್ಟಿ ವಸ್ತು ಜಾರಿಸೋದು ನಮಗೆ ಹೊಸದಲ್ಲ. ದಕ್ಷಿಣದಲ್ಲಿ ಗೋಟುವಾದ್ಯ ಇದೆ, ಈಗ ಚಿತ್ರವೀಣೆ ಅಂತಾರೆ. ಉತ್ತರದಲ್ಲಿ ವಿಚಿತ್ರವೀಣೆ ಇದೆ. ಹವಾಯಿ ಗಿಟಾರ್ ಇಲ್ಲಿಗೆ ಬಂದಾಗ ನಮ್ಮವರು ಅದನ್ನ ಕೆಲವೇ ವರ್ಷದಲ್ಲಿ ಮನೆಯವನನ್ನಾಗಿ ಮಾಡ್ಕೊಂಡ್ರು. 1967ರಲ್ಲಿ ಬಂದ 'ಕಾಲ್ ಆಫ್ ದಿ ವ್ಯಾಲಿ'ಯಲ್ಲಿ ಸಂತೂರ್, ಕೊಳಲಿನ ಜೊತೆ ಬ್ರಿಜ್‌ಭೂಷಣ್ ಕಾಬ್ರಾ ಅವರ ಗಿಟಾರ್ ಇತ್ತು. ಮೋಹನವೀಣೆಯ ವಿಶ್ವಮೋಹನ ಭಟ್ಟರಿಗೆ ರೈ ಕೂಡರ್ ಜೊತೆಗಿನ ಧ್ವನಿಮುದ್ರಿಕೆಗೆ 1994ರಲ್ಲಿ ಗ್ರ್ಯಾಮಿ ಬಂತು.

ಯಾಕೆ ಇಷ್ಟು ಸಲೀಸಾಗಿ ಒಗ್ಗಿತು ಅಂದ್ರೆ, ಸಾಮಾನ್ಯ ಗಿಟಾರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗೋದು ಮೆಟ್ಟಿಲು ಹತ್ತಿದ ಹಾಗೆ. ಸ್ಟೀಲ್ ಗಿಟಾರಲ್ಲಿ ಮೆಟ್ಟಿಲಿಲ್ಲ, ಜಾರುಬಂಡೆ. ನಮ್ಮ ಸಂಗೀತದ ಜೀವ ಇರೋದೇ ಆ ಜಾರಿನಲ್ಲಿ, ಎರಡು ಸ್ವರದ ನಡುವಿನ ಜಾಗದಲ್ಲಿ. ನುಡಿಸೋನಿಗೆ ವಾದ್ಯದ ಮೇಲೆ ಗುರುತಿನ ಗೆರೆ ಇರಬಹುದು. ಆದ್ರೆ ಕೂದಲೆಳೆ ಆಚೀಚೆ ಆದ್ರೆ ಶ್ರುತಿ ಹೋಯ್ತು. ಕೊನೆಗೆ ಅವನನ್ನ ಕಾಪಾಡೋದು ಕಿವಿ ಮಾತ್ರ. ಇಡೀ ವಾದ್ಯ ನಿಂತಿರೋದೇ ಕೇಳೋದರ ಮೇಲೆ. ಅಂಥ ವಾದ್ಯದ ಕೂಟಕ್ಕೆ ಕೇಳೋಕೆ ಬಂದವನನ್ನ 'ಮತ್ತೆ?' ಅಂತ ಕೇಳೋದಾ?

ಅಪ್ಪನ ವಿಷಯಕ್ಕೆ ಬರ್ತೀನಿ. ಅವರು ಹೊಳೆನರಸೀಪುರದಲ್ಲಿ ಟೈಲರ್. ಅಂಗಡಿಯಲ್ಲಿ ಒಂದು ಟೇಪ್‌ರೆಕಾರ್ಡರ್, ಅದರಲ್ಲಿ ಸುನಿಲ್ ಗಂಗೂಲಿ ಗಿಟಾರಲ್ಲಿ ನುಡಿಸಿದ ಹಳೇ ಹಿಂದಿ ಸಿನಿಮಾ ಹಾಡುಗಳ ಕ್ಯಾಸೆಟ್ಟು. ಅಪ್ಪನಿಗೆ ಹಿಂದಿ ಬರ್ತಿರಲಿಲ್ಲ. ಅದರಲ್ಲಿ ಮಾತೇ ಇಲ್ಲವಲ್ಲ, ಅದಕ್ಕೇ ಆ ಕ್ಯಾಸೆಟ್ ಇಷ್ಟ. ಹಾಡಿನ ನಡುವೆ ಒಂದು ಜಾಗ ಬಂದ ಕೂಡಲೇ ಮಿಷಿನ್ ತುಳಿಯೋದು ನಿಲ್ಲಿಸಿಬಿಡೋರು. 'ಇಲ್ಲಿ ಕೇಳ್ಲಾ. ಈಗ ಬತ್ತದೆ ನೋಡು. ಅಳ್ತದೆ.' ಸ್ವರ ಜಾರಿ ಇಳಿಯೋದು. ಅಪ್ಪ ತಲೆ ಅಲ್ಲಾಡಿಸಿ ಮತ್ತೆ ತುಳಿಯೋಕೆ ಶುರು. ಗಿರಾಕಿ ಕಾಯ್ತಿದ್ರೂ ಅಷ್ಟೇ.

ರಾಮನವಮಿಗೆ ನಮ್ಮ ಕಡೆ ಒಂದು ಪೆಂಡಾಲಲ್ಲಿ ಕಛೇರಿ ನಡೆಯೋದು. ಅಪ್ಪ ಪ್ರತಿ ವರ್ಷ ಹೋಗೋರು. ಆದ್ರೆ ಒಳಗೆ ಅಲ್ಲ. ಎದುರುಗಡೆ ಬೀಡಾ ಅಂಗಡಿ ಪಕ್ಕ ಸೈಕಲ್ ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಕೈ ಊರಿ ನಿಂತು, ಎರಡು ಗಂಟೆ. ಒಳಗೆ ಕುರ್ಚಿ ಖಾಲಿ ಇರೋವು. ಬರಬೇಡಿ ಅಂತ ಯಾರೂ ಅವರಿಗೆ ಹೇಳಿರಲಿಲ್ಲ. ಬನ್ನಿ ಅಂತಾನೂ ಹೇಳಿರಲಿಲ್ಲ. ಒಂದ್ಸಲ ಕೇಳಿದೆ, ಒಳಗೆ ಹೋಗೋಣ ಬಾಪ್ಪ ಅಂತ. 'ಬ್ಯಾಡ ಕಣ್ಲಾ. ಅದು ಬಲ್ಲೋರಿಗೆ. ಯಾರಾರ ಏನಾರ ಕೇಳಿದ್ರೆ ನಾನೇನ್ ಹೇಳ್ಲಿ?'

ಅದೇ ಅಪ್ಪ ಮನೆಗೆ ಬರ್ತಾ ದಾರೀಲಿ, ಇವತ್ತು ಪಿಟೀಲಿನೋರ ಒಂದು ತಂತಿ ಅರ್ಧಕ್ಕೇ ಇಳೀತು, ಆಮೇಲೆ ಸರಿ ಮಾಡ್ಕಂಡ್ರು ಅಂತ ಹೇಳೋರು. ಒಳಗೆ ಕೂತಿದ್ದ ಎಷ್ಟು ಜನ 'ಬಲ್ಲೋರಿಗೆ' ಅದು ಗೊತ್ತಾಗಿತ್ತೋ.

'ಯಾರಾರ ಏನಾರ ಕೇಳಿದ್ರೆ' ಅಂದ್ರಲ್ಲ, ಆ 'ಏನಾರ' ಯಾವುದು? ಅದೇ ಪ್ರಶ್ನೆ. ನಿಮಗೆ ಬರುತ್ತಾ? ಕಲಿತಿದೀರಾ? ಯಾರ ಹತ್ರ? ಯಾರ ಕಡೆಯವರು? ಬೋರ್ಡ್ ಹಾಕದೆ, ಗೇಟು ಹಾಕದೆ ಒಬ್ಬ ಮನುಷ್ಯನನ್ನ ಮೂವತ್ತು ವರ್ಷ ಬೀಡಾ ಅಂಗಡಿ ಪಕ್ಕ ನಿಲ್ಲಿಸೋಕೆ ಈ ಪ್ರಶ್ನೆಯ ಹೆದರಿಕೆ ಸಾಕಾಯ್ತು. ಯಾರೂ ಅದನ್ನ ಬಾಯಿ ಬಿಟ್ಟು ಕೇಳಬೇಕಾಗಿಯೂ ಬರಲಿಲ್ಲ.

ಅಪ್ಪ ಹೋದ ಮೇಲೆ ಒಂದು ಬೇಸಿಗೆ ರುದ್ರಪಟ್ಟಣಕ್ಕೆ ಹೋದೆ. ನಮ್ಮ ಹಾಸನ ಜಿಲ್ಲೆಯಲ್ಲಿ ಸ್ಟೀಲ್ ಗಿಟಾರ್ ಸಮಾವೇಶ ಅಂತ ಒಂದಿಲ್ಲ. ಅಮೆರಿಕದ ಸೇಂಟ್ ಲೂಯಿಸಲ್ಲಿ ದಶಕಗಟ್ಟಲೆ ನಡೀತಿತ್ತು, ಅದರ ವಿಡಿಯೋಗಳನ್ನ ನಾನು ರಾತ್ರಿಯೆಲ್ಲಾ ನೋಡಿದೀನಿ. ಆದ್ರೆ ಸ್ವರ ಜಾರೋದನ್ನ ಕೂತು ಕೇಳಬೇಕು ಅಂದ್ರೆ ಸೇಂಟ್ ಲೂಯಿಸ್ ಯಾಕೆ? ಚನ್ನರಾಯಪಟ್ಟಣದಲ್ಲಿ ಹೆದ್ದಾರಿ ಬಿಡಿ. ತೆಂಗಿನ ತೋಟ ದಾಟಿ ಹೊಳೆನರಸೀಪುರ, ಹೇಮಾವತಿ ಸೇತುವೆ. ಅಲ್ಲಿಂದ ಅರಕಲಗೂಡು. ಆಲೂಗೆಡ್ಡೆ, ಹೊಗೆಸೊಪ್ಪಿನ ಹೊಲಗಳ ನಡುವೆ ರಾಮನಾಥಪುರದ ಕಡೆ ಇಳಿದ್ರೆ ಕಾವೇರಿ ದಡದಲ್ಲಿ ರುದ್ರಪಟ್ಟಣ. ನಮ್ಮಲ್ಲಿ ಅರ್ಧ ಜನ ಸಕಲೇಶಪುರದ ಹೋಂಸ್ಟೇಗೆ ಅಂತ ಹಾಸನದ ಮೇಲೆ ಹತ್ತಾರು ಸಲ ಹಾದು ಹೋಗಿದೀವಿ. ಎಡಕ್ಕೆ ತಿರುಗಿದವರು ಎಷ್ಟು ಜನ?

ಈ ಊರಿನ ಬಗ್ಗೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಇದು ಸಂಕೇತಿಗಳ ಹಳೇ ಅಗ್ರಹಾರ. ಒಂದು ಸಣ್ಣ ಹಳ್ಳಿಯಿಂದ ಇಷ್ಟು ಜನ ವಿದ್ವಾಂಸರು ಹೇಗೆ ಬಂದ್ರು ಅಂತ ಆಶ್ಚರ್ಯ ಆಗಬೇಕು. ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಇಲ್ಲಿ, 1920ರಲ್ಲಿ. ದಶಕಗಳ ಕಾಲ ಆಕಾಶವಾಣಿಯಲ್ಲಿದ್ದವರು. 2011ರಲ್ಲಿ ಪದ್ಮಭೂಷಣ ಬಂತು. ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದ್ರು, 2014ರಲ್ಲಿ ತೀರಿಕೊಂಡ್ರು. ಅವರ ಅಣ್ಣ ವೆಂಕಟರಾಮ ಶಾಸ್ತ್ರಿಗಳು ಪಿಟೀಲು. ರುದ್ರಪಟ್ಟಣಂ ಸಹೋದರರು ಅಂತಲೇ ಹೆಸರಾದ ತ್ಯಾಗರಾಜನ್, ತಾರಾನಾಥನ್ ಜೋಡಿಯ ಹೆಸರಲ್ಲೇ ಊರಿದೆ. ಆರ್.ಕೆ. ಪದ್ಮನಾಭ ಅವರು ಊರು ಬಿಟ್ಟು ಬೆಂಗಳೂರಲ್ಲಿ ಹೆಸರು ಮಾಡಿದ ಮೇಲೂ ಊರನ್ನ ಬಿಡಲಿಲ್ಲ. ತಂಬೂರಿ ಆಕಾರದಲ್ಲಿ ಸಪ್ತಸ್ವರಗಳಿಗೆ ಒಂದು ಧ್ಯಾನಮಂದಿರ ಎದ್ದಿದ್ದು, ವರ್ಷ ವರ್ಷ ಸಂಗೀತೋತ್ಸವ ನಡೆಯೋ ಹಾಗಾಗಿದ್ದು ಅವರ ಹಟದಿಂದ.

ನಾನು ಹೋದಾಗ ಮಧ್ಯಾಹ್ನ. ಬಸ್ಸಿಳಿದು ಟೀ ಅಂಗಡಿ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಸೊಪ್ಪಿನ ಕುಕ್ಕೆ ಇಟ್ಕೊಂಡು ಒಬ್ಬ ಅಜ್ಜಿ. ನನ್ನ ಬ್ಯಾಗ್ ನೋಡಿ, 'ಆಡೋರೇನಪ್ಪ ನೀನು?' ಅಂದ್ರು. ಹಾಡೋರಾ ಅಂತ. ಮತ್ತೆ ಅದೇ ಪ್ರಶ್ನೆ ಅಂದ್ಕೊಂಡು, 'ಇಲ್ಲಜ್ಜಿ, ಕೇಳೋಕ್ ಬಂದೆ' ಅಂದೆ. 'ಮತ್ತೆ?'ಗೆ ಕಾಯ್ತಾ ಇದ್ದೆ. ಅಜ್ಜಿ ಎಲೆ ಅಡಿಕೆ ಹಾಕ್ಕೊಂಡು, 'ಕೇಳೋರೂ ಬೇಕಲ್ಲ ಕಣಪ್ಪ' ಅಂದ್ರು. 'ನೀವು ಹೋಗ್ತೀರಾ ಕೇಳೋಕೆ?' ಅಂದೆ. ಅಜ್ಜಿ ನಕ್ಕುಬಿಟ್ರು. 'ನಮಗೇನ್ ಗೊತ್ತಾಯ್ತದೆ ಮಗಾ. ಮೈಕಿನಲ್ಲಿ ಮನೆಗೇ ಕೇಳ್ತದೆ.'

ಅಪ್ಪನದೇ ಮಾತು. ಬೇರೆ ಊರಿನ ಬೇರೆ ಬಾಯಿಂದ, ಹೆಚ್ಚುಕಮ್ಮಿ ಅಕ್ಷರ ಅಕ್ಷರ ಅದೇ.

ಒಳಗೆ ಹೋದೆ. ಯಾರೂ ಏನೂ ಕೇಳಲಿಲ್ಲ. ಮೂರನೇ ಸಾಲಲ್ಲಿ ಕೂತೆ. ಹಾಡೋರು ಒಂದು ರಾಗ ನಿಧಾನಕ್ಕೆ ಬಿಡಿಸ್ತಿದ್ರು. ಯಾವ ರಾಗ ಅಂತ ನನಗೆ ತಿಳೀಲಿಲ್ಲ, ಪಕ್ಕದ ಯಜಮಾನರು ಆಮೇಲೆ 'ಶಹನ' ಅಂದ್ರು. ಆದ್ರೆ ಒಂದು ಕಡೆ ದನಿ ಮೇಲಿನ ಸ್ವರ ಮುಟ್ಟಿ, ಅಲ್ಲಿ ನಿಲ್ಲದೆ, ನಿಧಾನ ಜಾರಿ ಕೆಳಗೆ ಬಂತು. ಪಿಟೀಲು ಅದರ ಹಿಂದೆಯೇ ಬಂತು. ನನ್ನ ಬಲಗಾಲು ತಾನಾಗಿ ನಿಂತುಹೋಯ್ತು. ಅಲ್ಲೀವರೆಗೆ ತಾಳಕ್ಕೆ ಕುಣಿಸ್ತಿದ್ದೆ ಅನ್ನೋದೇ ಗೊತ್ತಿರಲಿಲ್ಲ. ಮಿಷಿನ್ ತುಳಿಯೋದು ನಿಲ್ಲಿಸೋರಲ್ಲ, ಹಾಗೆ. 'ಇಲ್ಲಿ ಕೇಳ್ಲಾ.' ಗಿಟಾರು, ಗಂಟಲು, ಪಿಟೀಲು ಎಲ್ಲಾ ಒಂದೇ ಅಂತ ನನಗೆ ಗೊತ್ತಾಗಿದ್ದು ಯಾವ ಕ್ಲಾಸಿಂದಲೂ ಅಲ್ಲ.

ಈಗ ನಿಮ್ಮ ವಾದಕ್ಕೆ ಬರೋಣ. ಗೊತ್ತು, ಏನ್ ಹೇಳ್ತೀರಿ ಅಂತ.

'ಕೇಳೋರಿಗೇನ್ ಬರ ಗುರೂ? ಯೂಟ್ಯೂಬಲ್ಲಿ ಲಕ್ಷಗಟ್ಟಲೆ ವ್ಯೂಸ್ ಇವೆ. ಬರ ಇರೋದು ನುಡಿಸೋರಿಗೆ. ನೀನೂ ಕಲಿ. ಕಲಿತ್ರೆ ತಾನೇ ನಿಜವಾಗಿ ಅರ್ಥ ಆಗೋದು? ಸುಮ್ನೆ ಕೂತು ಕೇಳೋದು ಸೋಮಾರಿತನ.'

ಕಲಿತವರಿಗೆ ಹೆಚ್ಚು ತಿಳಿಯುತ್ತೆ, ಒಪ್ಪಿದೆ. ಅಡುಗೆ ಬರೋರಿಗೆ ಸಾರಿನ ಹದ ಹೆಚ್ಚು ಗೊತ್ತು. ಹಾಗಂತ ಹೋಟೆಲ್ ಬಾಗಿಲಲ್ಲಿ 'ನಿಮಗೆ ಅಡುಗೆ ಬರುತ್ತಾ?' ಅಂತ ಕೇಳಿದ್ರೆ ಊರಲ್ಲಿ ಎಷ್ಟು ಹೋಟೆಲ್ ಉಳಿಯುತ್ತೆ? ವ್ಯೂಸ್ ಲೆಕ್ಕ ಬೇಡವೇ ಬೇಡ. ಮೂವತ್ತು ಸೆಕೆಂಡ್ ನೋಡಿ ಹೆಬ್ಬೆರಳಲ್ಲಿ ಮೇಲಕ್ಕೆ ತಳ್ಳಿದ್ದನ್ನ ಕೇಳಿದ್ದು ಅಂತ ಕರೆಯೋಕಾಗಲ್ಲ. ಕಛೇರಿಯಲ್ಲಿ ಎದುರಿಗೆ ಕೂತವರ ತಲೆ ಅಲ್ಲಾಡಿದ ಕಡೆ ಹಾಡೋರು ಇನ್ನೊಂದು ಸುತ್ತು ಹೋಗ್ತಾರೆ. ಎದುರಿಗೆ ಯಾರೂ ಇಲ್ಲದಿದ್ರೆ ಬೇಗ ಮುಗಿಸ್ತಾರೆ. ತೊಂಬತ್ತು ದಾಟಿದ ಶ್ರೀಕಂಠನ್ ವೇದಿಕೆ ಹತ್ತಿದ್ದು ಕ್ಯಾಮೆರಾಕ್ಕೆ ಹಾಡೋಕಲ್ಲ.

ನುಡಿಸೋರಿಗೆ ಬರ ಅನ್ನೋದಂತೂ ನಂಬಬೇಡಿ. ಲಾಕ್‌ಡೌನಲ್ಲಿ ಆನ್‌ಲೈನಿನಲ್ಲಿ ಗಿಟಾರ್ ತರಿಸಿದವರು ನಿಮ್ಮ ಟೀಮಲ್ಲೇ ಎಷ್ಟು ಜನ ಇದಾರೆ ಎಣಿಸಿ. ಆ ಗಿಟಾರ್ ಈಗ ಎಲ್ಲಿದೆ? ವಾರ್ಡ್‌ರೋಬ್ ಮೇಲೆ, ಸೂಟ್‌ಕೇಸ್ ಪಕ್ಕ. ನಮ್ಮ ಪೀಳಿಗೆಗೆ ಒಂದು ರೋಗ ಬಂದಿದೆ. ಏನನ್ನೂ ಸುಮ್ಮನೆ ಇಷ್ಟಪಡೋ ಹಾಗಿಲ್ಲ. ಓಡೋಕೆ ಇಷ್ಟ ಅಂದ್ರೆ ಮ್ಯಾರಥಾನ್ ಟೈಮಿಂಗ್ ಎಷ್ಟು? ಫೋಟೋ ಇಷ್ಟ ಅಂದ್ರೆ ಇನ್‌ಸ್ಟಾ ಪೇಜ್ ಇದ್ಯಾ? ಸಂಗೀತ ಇಷ್ಟ ಅಂದ್ರೆ ಯಾವ ಗ್ರೇಡ್ ಮುಗಿಸಿದೀಯ? ವಾರಪೂರ್ತಿ ಅಪ್ರೈಸಲ್ಲು, ಟಾರ್ಗೆಟ್ಟು ಅಂತ ಸಾಯ್ತೀವಿ. ಶನಿವಾರ ಭಾನುವಾರವೂ ನಮಗೆ ನಾವೇ ಮ್ಯಾನೇಜರ್ ಆಗಿ, ಇಷ್ಟಕ್ಕೂ ಒಂದು ಟಾರ್ಗೆಟ್ ಇಟ್ಕೊಂಡು ಕೂರ್ತೀವಿ. ಆಮೇಲೆ ಬರ್ನೌಟ್ ಅಂತೀವಿ.

ನುಡಿಸೋರು ನುಡಿಸೋರಿಗಾಗಿಯೇ ನಡೆಸೋ ಕೂಟಕ್ಕೆ ಏನಾಗುತ್ತೆ ಗೊತ್ತಾ? ಬೆರಳು ನೋಡೋ ಕೂಟ ಆಗುತ್ತೆ. ಯಾರು ಎಷ್ಟು ಜೋರು, ಯಾರದ್ದು ಎಷ್ಟು ದುಬಾರಿ ವಾದ್ಯ. ವಿದ್ವಾಂಸರು, ಶಿಷ್ಯರು, ಶಿಷ್ಯರ ಅಪ್ಪ ಅಮ್ಮಂದಿರು ಮಾತ್ರ ಸೇರೋ ಕಛೇರಿ ಮನೆ ಫಂಕ್ಷನ್ ಆಗುತ್ತೆ. ತನಿ ಆವರ್ತನ ಶುರುವಾದ ಕೂಡಲೇ ಕಾಫಿಗೆ ಏಳ್ತಾರಲ್ಲ, ಅವರಲ್ಲಿ ಬಹಳ ಮಂದಿ 'ಬಲ್ಲೋರು'. ಮೃದಂಗದವರು ಇಡೀ ಸಂಜೆ ಕಾದು ತಮ್ಮ ಪಾಳಿ ಬಂದಾಗ ನೋಡೋದು ಎದ್ದು ಹೋಗೋರ ಬೆನ್ನು. ಗೊತ್ತಿಲ್ಲದವನು ಎದ್ದು ಹೋಗಲ್ಲ ರೀ. ಮುಂದೆ ಏನು ಬರುತ್ತೆ ಅಂತ ಅವನಿಗೆ ಗೊತ್ತಿಲ್ಲವಲ್ಲ!

ಹಳೇ ಬೆಂಗಳೂರಿನವರನ್ನ ಕೇಳಿ. ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತೋತ್ಸವ 1939ರಲ್ಲಿ ಶುರುವಾಗಿದ್ದು. ಪೆಂಡಾಲಿನೊಳಗೆ ಎಷ್ಟು ಜನವೋ, ಆಚೆ ರಸ್ತೆ ಬದಿಯಲ್ಲಿ, ಫುಟ್‌ಪಾತ್ ಮೇಲೆ ಕೂತು ಕೇಳಿದ ಜನರ ಕಥೆಗಳೂ ಅಷ್ಟೇ ಇವೆ. ಅವರೆಲ್ಲ ಹಾಡೋರಾಗಿದ್ರಾ? ಗುಮಾಸ್ತರು, ಮೇಷ್ಟ್ರು, ಆಟೋ ಓಡಿಸೋರು. ಆ ಸಂಗೀತವನ್ನ ಊರಿನ ಸಂಗೀತ ಮಾಡಿದ್ದು ಅವರು.

ಒಂದು ಮಾತು ಬಿಡಿಸಿ ಹೇಳಲೇಬೇಕು, ಯಾರೂ ಬೇಜಾರು ಮಾಡ್ಕೋಬೇಡಿ. ಕರ್ನಾಟಕ ಸಂಗೀತದ ಸಭಾಂಗಣಗಳಲ್ಲಿ ವೇದಿಕೆ ಮೇಲೂ ಕೆಳಗೂ ಬಹುಪಾಲು ಒಂದೇ ಜಾತಿಯ ಜನ ಇರ್ತಾರೆ ಅನ್ನೋದು ಎಲ್ಲರಿಗೂ ಗೊತ್ತಿರೋ ಸತ್ಯ. ರುದ್ರಪಟ್ಟಣದ ಅಗ್ರಹಾರ ಅಪ್ಪನಿಂದ ಮಗನಿಗೆ, ಅಣ್ಣನಿಂದ ತಮ್ಮನಿಗೆ ಈ ವಿದ್ಯೆಯನ್ನ ದಾಟಿಸ್ಕೊಂಡು ಬಂದಿದ್ದಕ್ಕೆ ನಾನು ಕೈ ಮುಗೀತೀನಿ. ಅವರು ಕಾಪಾಡದಿದ್ರೆ ನನಗೆ ಆ ಶಹನ ಸಿಗ್ತಿರಲಿಲ್ಲ. ಆದ್ರೆ ಅಗ್ರಹಾರದ ಮಕ್ಕಳು ಮೈಸೂರು, ಬೆಂಗಳೂರು, ಕ್ಯಾಲಿಫೋರ್ನಿಯ ಸೇರಿದಾರೆ. ವಿದ್ಯೆ ಮನೆತನದಲ್ಲಿ ಉಳಿಯಬಹುದು, ಸಭೆ ಮನೆತನದಲ್ಲಿ ಉಳಿಯಲ್ಲ. ಮನೆಯಲ್ಲಿ ಕೂತು ಮೈಕಿನಲ್ಲಿ ಕೇಳೋ ಅಜ್ಜಿ, ಸೈಕಲ್ ಹಿಡಿದು ನಿಂತ ನನ್ನಪ್ಪ ಒಳಗೆ ಬಂದ್ರೆ ಮಾತ್ರ ಆ ಕುರ್ಚಿಗಳು ತುಂಬ್ತಾವೆ. ಅವರನ್ನ ಆಚೆ ಇಟ್ಟಿರೋದರಲ್ಲಿ ಜಾತಿಯ ಪಾಲಿದೆ, ದುಡ್ಡಿನ ಪಾಲಿದೆ. 'ನಿಮಗೆ ಬರುತ್ತಾ?' ಅನ್ನೋ ಪ್ರಶ್ನೆ ಅವೆರಡಕ್ಕೂ ಮರ್ಯಾದಸ್ಥ ಅಂಗಿ ತೊಡಿಸುತ್ತೆ, ಅಷ್ಟೇ.

ಬರೀ ಬೈದು ಹೋಗಲ್ಲ. ಕೇಳೋದು ನಾಲ್ಕಿದೆ.

ಸಂಗೀತ ಸಭೆ ನಡೆಸೋ ಎಲ್ಲರಿಗೂ: ಪ್ರತಿ ಹಾಡಿಗೆ ಮೊದಲು ರಾಗ, ತಾಳ, ಬರೆದವರ ಹೆಸರನ್ನ ಕನ್ನಡದಲ್ಲಿ ಹೇಳಿಸಿ. ಹತ್ತು ಸೆಕೆಂಡ್ ಸಾಕು. ಬಲ್ಲೋರಿಗೆ ಅದು ಬೇಡ, ಆದ್ರೆ ಸಭೆ ಅವರೊಬ್ಬರದ್ದಲ್ಲ. ವರ್ಷಕ್ಕೊಂದು ಸಂಜೆಯಾದ್ರೂ ಹೊಸಬರಿಗೆ ಅಂತ ಇಡಿ. 'ಇಲ್ಲಿ ಕೇಳಿ, ಸ್ವರ ಹೇಗೆ ಜಾರ್ತಿದೆ ನೋಡಿ' ಅಂತ ತೋರಿಸೋಕೆ ಅರ್ಧ ಗಂಟೆ ಸಾಕು. ನನ್ನಪ್ಪನಿಗೆ ಅರ್ಧ ನಿಮಿಷ ಸಾಕಾಗ್ತಿತ್ತು.

ಗಿಟಾರ್ ಕೂಟ ಮಾಡೋ ಹುಡುಗರಿಗೆ: ನಿಮ್ಮ ಫಾರಮ್ಮಿಗೆ ಒಂದು ಗೆರೆ ಸೇರಿಸಿ. 'ಕೇಳುಗ'.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ಬೆಂಗಳೂರಿಗೆ ಬಂದು ಇಲ್ಲೇ ಬೀಡುಬಿಟ್ಟ ನಮ್ಮಂಥೋರಿಗೆ: ಊರಲ್ಲಿ ಏನೂ ಇಲ್ಲ ಅಂತ ಹೇಳೋದು ನಿಲ್ಲಿಸಿ. ಸ್ಟೇಡಿಯಂ ಕಾನ್ಸರ್ಟಿಗೆ ಸಾವಿರಗಟ್ಟಲೆ ಕೊಟ್ಟು, ಪರದೆಯ ಮೇಲೆ ಹಾಡೋನ ಮುಖ ನೋಡಿ, ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಬರ್ತೀರಿ. ಆಗ ನಿಮ್ಮನ್ನ ಯಾರೂ 'ನೀವು ಹಾಡ್ತೀರಾ?' ಅಂತ ಕೇಳಲ್ಲ, ಗಮನಿಸಿದೀರಾ? ಒಂದು ಬೇಸಿಗೆ ಬಸ್ಸು ಹತ್ತಿ. ಅಪ್ಪ ಅಮ್ಮನನ್ನೂ ಕರ್ಕೊಂಡು ಹೋಗಿ, ಒಳಗೆ ಕೂರಿಸಿ. ಫೋನ್ ಜೇಬಲ್ಲಿರಲಿ. ತನಿ ಆವರ್ತನದ ಹೊತ್ತಿಗೆ ಏಳಬೇಡಿ. ಹುಂಡಿ ಇದ್ರೆ ಹಾಕಿ, ರಸೀದಿ ಪುಸ್ತಕ ಇದ್ರೆ ಬರೆಸಿ.

ನಾಲ್ಕನೆಯದು, ಯಾರಾದ್ರೂ 'ನಿಮಗೆ ಬರುತ್ತಾ?' ಅಂತ ಕೇಳಿದ್ರೆ ನಾಚಿಕೊಳ್ಳಬೇಡಿ. ಕಲೀತೀನಿ, ಟೈಮ್ ಸಿಕ್ಕಿಲ್ಲ ಅಂತ ಸುಳ್ಳೂ ಹೇಳಬೇಡಿ. ಇಲ್ಲ, ಕೇಳೋಕೆ ಬಂದೆ ಅನ್ನಿ. ಅಷ್ಟು ಹೇಳೋ ಧೈರ್ಯ ಇಲ್ಲದೆ ಒಬ್ಬ ಮನುಷ್ಯ, ಆ ಪೆಂಡಾಲಿನ ಎಲ್ಲರಿಗಿಂತ ಚೆನ್ನಾಗಿ ಕೇಳಬಲ್ಲವನು, ರಸ್ತೆ ಆಚೆ ನಿಂತೇ ಕಾಲ ಕಳೆದ.

ರುದ್ರಪಟ್ಟಣದಿಂದ ಆ ರಾತ್ರಿ ಹೊರಟಾಗ ಅಜ್ಜಿ ಇದ್ದ ಟೀ ಅಂಗಡಿ ಮುಚ್ಚಿತ್ತು. ಒಂದು ಮನೆ ಜಗಲಿ ಮೇಲೆ ಯಾರೋ ಲೈಟ್ ಹಾಕದೆ ಕೂತು ಮೈಕಿನಲ್ಲಿ ಬರ್ತಿದ್ದ ಮಂಗಳ ಕೇಳ್ತಿದ್ರು. ನನ್ನ ಪಕ್ಕದ ಎರಡು ಕುರ್ಚಿ ಕೊನೇವರೆಗೂ ಖಾಲಿ ಇದ್ದವು. ಮುಂದಿನ ಸಲ ಹೋಗುವಾಗ ಅಮ್ಮನನ್ನ ಕರ್ಕೊಂಡು ಹೋಗ್ತೀನಿ. ಜಗಲಿ ಮೇಲೆ ಯಾರಿದ್ರೂ ಸರಿ, ಒಂದ್ಸಲ ಬಾಯಿ ಬಿಟ್ಟು ಕರೀತೀನಿ. ನಮ್ಮಪ್ಪನನ್ನ ಯಾರಾದ್ರೂ ಹಾಗೆ ಕರೆದಿದ್ರೆ ಸಾಕಿತ್ತು.